ನೀರಿನಡಿಯ ಕಟ್ಟಳೆ

ರಿಯೆಕಾ ಬಂದರಿನ ಮೀನಿನ ಶೀತಲಗೃಹದಲ್ಲಿ ವಾರವಿಡೀ ಪೆಟ್ಟಿಗೆ ಹೊರುವ ನೆವಿಯೊ ಭಾನುವಾರ ಮಾತ್ರ ದೇವರಾಗುತ್ತಿದ್ದ. ದೊರಿಯಾನಾಳ ಅಡುಗೆಮನೆಯ ಮೇಜಿನ ಮೇಲೆ ಮೂವರು ಆಡುವ ಕಥೆಯಾಟದಲ್ಲಿ ಸಮುದ್ರ, ಬಿರುಗಾಳಿ, ರಾಕ್ಷಸ ಎಲ್ಲವೂ ಅವನೇ. ಸಂಬಳವಿಲ್ಲದ ದೇವರು, ಅದೂ ಕಾಲುಚೀಲ ತೂತಾದ ದೇವರು.

ನೀರಿನಡಿಯ ಕಾಳಗಕ್ಕೆ ಕಟ್ಟಳೆ ಮಾಡಿದವನೂ ಅವನೇ. ಅಲ್ಲಿ ಕತ್ತಿ ಬೀಸಿದರೆ ಅರ್ಧ ಪೆಟ್ಟು. ಬಾಣ ನಾಲ್ಕು ಮಾರು ಹೋಗಿ ಸೋಲುತ್ತದೆ. ಬೆಂಕಿಯ ಮಂತ್ರವೆಂದರೆ ಬರೀ ಗುಳ್ಳೆ. ಯಾವ ಮಂತ್ರ ಹೇಳಬೇಕಾದರೂ ಬಾಯಿ ತೆರೆಯಬೇಕು, ತೆರೆದರೆ ಹಿಡಿದ ಉಸಿರೆಲ್ಲ ಹೋಯಿತು. ಇದು ಹೊಳೆದ ದಿನ ತಾನು ಬಲು ಜಾಣನೆಂದು ಬೀಗಿದ್ದ. ಆ ಮೇಜಿನ ಪದ್ಧತಿಯಂತೆ ಕಾಳಗ ಶುರುವಾದ ಮೇಲೆ ಕಟ್ಟಳೆ ಬದಲಿಸುವಂತಿಲ್ಲ. ದಾಳ ಎಲ್ಲರೆದುರೇ ಉರುಳಬೇಕು.

ಈಗ ದೊರಿಯಾನಾಳ ಯೋಧೆಯನ್ನು ದೈತ್ಯ ಆಕ್ಟೋಪಸ್ ಹಿಡಿದಿತ್ತು. ಬಿಡಿಸಬಲ್ಲವನು ಓಜ್ರೆನ್‌ನ ಮುದಿ ಮಂತ್ರವಾದಿಯೊಬ್ಬನೇ. ಉಳಿದಿಬ್ಬರೂ 'ಬಾರ್ಬಾ', ಅಂದರೆ ದೊಡ್ಡಪ್ಪ, ಎಂದು ಕರೆಯುವ ನಿವೃತ್ತ ಬಸ್ ಚಾಲಕ ಓಜ್ರೆನ್ ವರ್ಷಗಳಿಂದ ಅದೇ ಮಂತ್ರವಾದಿಯಾಗಿ ಆಡುತ್ತಿದ್ದ. "ಇವನು ಸತ್ತ ದಿನ ನಾನೂ ಬರೋದು ನಿಲ್ಲಿಸ್ತೀನಿ" ಎಂದು ಹೇಳಿಯೂ ಇದ್ದ. ಉಳಿದ ಇಬ್ಬರಿಂದ ಆಟ ನಡೆಯದು. ನೆವಿಯೊಗೆ ವಾರದಲ್ಲಿ ತನ್ನದೆನ್ನಲು ಭಾನುವಾರ ಬಿಟ್ಟು ಬೇರೆ ದಿನವೇ ಇರಲಿಲ್ಲ.

"ಮಂತ್ರ ಹೇಳ್ತೀನಿ," ಎಂದ ಓಜ್ರೆನ್.

"ಬಾರ್ಬಾ, ಯೋಚನೆ ಮಾಡಿ. ಉಸಿರು ಹೋಗುತ್ತೆ," ಎಂದ ನೆವಿಯೊ.

"ನನ್ನೋಳು ಸಾಯ್ಲಿ ಬಿಡಿ ಬಾರ್ಬಾ," ಎಂದಳು ದೊರಿಯಾನಾ. "ಅವಳ ಹೆಸ್ರೇ ನಂಗೆ ಹಿಡಿಸಿರ್ಲಿಲ್ಲ."

"ಕೈಸನ್ನೇಲೂ ಮಂತ್ರ ಆಗುತ್ತೆ ಅಂತ ಇಟ್ಕೊಳ್ಳೋಣ," ನೆವಿಯೊ ತೊದಲಿದ.

"ಕಟ್ಟಳೆ ಮಾಡಿದ್ದು ನೀನೇ ಅಲ್ವೇನೋ ಮಾರಾಯ? ಈಗ್ಯಾಕೆ ಬೆಂದ ಸೀಗಡಿ ಥರ ಮುಖ ಮಾಡ್ಕೊಂಡೆ?" ಎಂದ ಓಜ್ರೆನ್.

ಮಂತ್ರ ಫಲಿಸಿತು, ಯೋಧೆ ಬಿಡಿಸಿಕೊಂಡಳು. ಮಂತ್ರವಾದಿ ಬದುಕಲು ಇಪ್ಪತ್ತು ಮುಖದ ದಾಳ ಹತ್ತು ದಾಟಬೇಕಿತ್ತು. ಅದು ಸಕ್ಕರೆ ಡಬ್ಬಿಗೆ ತಾಗಿ ಮೂರಕ್ಕೆ ನಿಂತಿತು.

ದುಃಖ ಬರಲಿ ಎಂದು ನೆವಿಯೊ ಕಾದ. ಬರಲಿಲ್ಲ. ಫ್ರಿಜ್ಜು ಗುಂಯ್‌ಗುಡುತ್ತಿತ್ತು.

"ಮುಳುಗಿದ," ಎಂದ, ಶೀತಲಗೃಹದಲ್ಲಿ ಲಾರಿ ಬಂತು ಎನ್ನುವ ದನಿಯಲ್ಲಿ.

ಓಜ್ರೆನ್ ಎದ್ದು ಕೋಟು ತೊಟ್ಟು ಬಾಗಿಲ ತನಕ ಹೋದ. ಅಲ್ಲೇ ನಿಂತ.

"ಆ ಆಕ್ಟೋಪಸ್ಸು ಇನ್ನೂ ಬದುಕಿದೆಯಲ್ಲ?"

"ಇದೆ."

"ಎಂಟು ಕೈ ಇಟ್ಕೊಂಡು ಒಂದರಲ್ಲೇ ಹೊಡೆಸ್ತಿದ್ದೀಯ. ನೋಡೋಕೇ ನಾಚಿಕೆ ಆಗುತ್ತೆ. ಇನ್ಮೇಲೆ ಅದನ್ನ ನಾನಾಡಿಸ್ತೀನಿ, ಕೊಡು ಇಲ್ಲಿ."

ಕೋಟು ತೆಗೆಯದೆಯೇ ನೆವಿಯೊನ ಪಕ್ಕಕ್ಕೆ ಕುರ್ಚಿ ಎಳೆದು ಕೂತ. "ಓಡು ಮಗಳೇ," ಎಂದು ದೊರಿಯಾನಾಳಿಗೆ ಹೇಳಿದ.

ಸಂತೋಷಪಡಬೇಕಾದ ಹೊತ್ತು ಇದೇ ಇರಬೇಕೆಂದು ನೆವಿಯೊಗೆ ಅನ್ನಿಸಿತು. ಸರಿದು ಜಾಗ ಮಾಡಿಕೊಟ್ಟು, ದಾಳವನ್ನು ಅವನತ್ತ ತಳ್ಳಿದ.