ತಿಮ್ಮಕ್ಕ ಹಾಕಿದ ಮುಯ್ಯಿ

ನಮ್ಮಕ್ಕ ತಿಮ್ಮಕ್ಕನಿಗೆ ಓದು ಬರಹ ಬರುವುದಿಲ್ಲ. ಆದರೆ ಕಣಕಟ್ಟೆಯ ಸುತ್ತ ಇಪ್ಪತ್ತೈದು ವರ್ಷದಲ್ಲಿ ನಡೆದ ಯಾವ ಮದುವೆಗೆ ಏನು ಮುಯ್ಯಿ ಹಾಕಿದೆ ಎಂದು ಕೇಳಿ ನೋಡಿ, ತೆಂಗಿನಕಾಯಿ ಸುಲಿಯುತ್ತಲೇ ಹೇಳುತ್ತಾಳೆ. ಅಂಗಡಿ ಚಿಕ್ಕಣ್ಣನ ತಂಗಿಗೆ ಹನ್ನೊಂದು ರೂಪಾಯಿ, ಇಪ್ಪತ್ತು ಕಾಯಿ. ಬಾಣಾವರದ ಅನುಸೂಯಮ್ಮನ ಮಗನಿಗೆ ಐವತ್ತೊಂದು ರೂಪಾಯಿ, ಎರಡು ಸೇರು ತುಪ್ಪ. ಗೆಂಡೆಹಳ್ಳಿ ಮುತ್ತಮ್ಮನ ಮೂರು ಹೆಣ್ಣುಮಕ್ಕಳಿಗೂ ಒಂದೊಂದು ಸೀರೆ, ನೂರೊಂದು ರೂಪಾಯಿ. ಬರೆದಿಟ್ಟುಕೊಂಡವರು ತಪ್ಪಬಹುದು, ಅವಳು ತಪ್ಪುವುದಿಲ್ಲ.

ನಾನು ಅವಳ ತಮ್ಮ ರಾಮಣ್ಣ, ಬಾಣಾವರದಲ್ಲಿ ಮೂವತ್ತು ವರ್ಷ ಟಪಾಲು ಹಂಚಿದವನು. ಅಕ್ಷರ ದುಂಡಗಿದೆ ಎಂದು ಮದುವೆ ಮನೆಗಳಲ್ಲಿ ಮುಯ್ಯಿ ಬರೆಯಲು ನನ್ನನ್ನೇ ಕೂರಿಸುತ್ತಿದ್ದರು. ಆ ಕುರ್ಚಿಯಲ್ಲಿ ಕೂತವನಿಗೆ ಜನರ ನಿಜ ಬಣ್ಣ ಕಾಣುತ್ತದೆ. ತಮ್ಮ ಮನೆ ಮದುವೆಗೆ ನೂರು ಬಂದಿದ್ದನ್ನು ಮರೆತವರಂತೆ ಐವತ್ತು ಕೊಟ್ಟು, ನನ್ನ ಮುಖ ನೋಡದೆ ಊಟಕ್ಕೆ ಓಡುವ ದೊಡ್ಡ ಮನುಷ್ಯರನ್ನು ಎಷ್ಟು ಮಂದಿ ಬೇಕಾದರೂ ಕಂಡಿದ್ದೇನೆ. ತಿಮ್ಮಕ್ಕ ಮಾತ್ರ ನೆಟ್ಟಗೆ ಬಂದು ನಿಂತು, ಸೆರಗಿನ ಗಂಟು ಬಿಚ್ಚಿ, "ಬರ್ಕೊಳ್ಲಾ, ಕಣಕಟ್ಟೆ ತಿಮ್ಮಕ್ಕ, ಇಪ್ಪತ್ತೊಂದು" ಎಂದು ಚಪ್ಪರಕ್ಕೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಗಂಡ ತೀರಿಕೊಂಡಾಗ ಅವಳ ಒಬ್ಬನೇ ಮಗ ಉಮೇಶನಿಗೆ ಎರಡು ವರ್ಷ. ಇದ್ದದ್ದು ನಲವತ್ತು ತೆಂಗಿನ ಮರ, ಒಂದೆಕರೆ ರಾಗಿ ಹೊಲ. ಬ್ಯಾಂಕಿನ ಬಾಗಿಲು ತುಳಿದವಳಲ್ಲ, ಚೀಟಿ ಹಾಕಿದವಳಲ್ಲ. ಕೊಬ್ಬರಿ ಮಾರಿ ಉಳಿದದ್ದೆಲ್ಲ ಊರವರ ಮದುವೆಗೆ ಹೋಗುತ್ತಿತ್ತು. ಒಂದು ವರ್ಷವಂತೂ, ಮೊಟ್ಟೆ ಇಡುವ ಎರಡು ಕೋಳಿಗಳನ್ನೇ ಮಾರಿ ಮುಯ್ಯಿ ಹಾಕಿದಾಗ ನನಗೆ ಸಿಟ್ಟು ಬಂದು ಬೈದೆ.

"ಮಗೀಗೆ ನೆಟ್ಟಗೊಂದು ಅಂಗಿ ಇಲ್ಲ. ಊರೋರ ಮದ್ವೆಗೆ ಯಾಕಕ್ಕ ಸುರೀತೀಯ?"

"ಸುರೀತಿಲ್ಲ ಕಣ್ಲಾ, ಇಟ್ಟಿದೀನಿ. ನನ್ ಮಗನ ಮದ್ವೆ ದಿನ ಎಲ್ಲಾ ವಾಪಸ್ ಬತ್ತದೆ. ಒಂದ್ ರೂಪಾಯಿ ಸಾಲ ಇಲ್ದಂಗೆ ಚಪ್ಪರ ಹಾಕ್ತೀನಿ, ನೋಡ್ತಿರು."

ಎರಡು ಸಾವಿರದ ಎರಡನೇ ಇಸವಿಯಲ್ಲಿ ಆ ಮಗನಿಗೆ ಮದುವೆ ಗೊತ್ತಾಯಿತು. ಅವನು ಅರಸೀಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತ. ಹುಡುಗಿ ದಿವ್ಯಶ್ರೀ ಅದೇ ಶಾಲೆಯಲ್ಲಿ ಟೀಚರು, ಟೈಲರೊಬ್ಬರ ಮಗಳು. ಇಬ್ಬರೂ ಮೆಚ್ಚಿ, ಮನೆಯವರನ್ನು ಒಪ್ಪಿಸಿದ್ದರು. ಅದರಲ್ಲಿ ನನ್ನ ತಕರಾರು ಏನೂ ಇಲ್ಲ. ಮದುವೆಯೆಂಬ ಹೆಸರಲ್ಲಿ ಅವರು ಆಡಿದ ಆಟ ನೋಡಿ ಮಾತ್ರ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ತಿಮ್ಮಕ್ಕನ ಮನಸ್ಸಿನಲ್ಲಿದ್ದದ್ದು ಮನೆ ಮುಂದೆ ಚಪ್ಪರ, ಊರವರದೇ ಅಡುಗೆ, ಎಲೆ ತುಂಬ ಊಟ. ಉಮೇಶನಿಗೆ ಅರಸೀಕೆರೆಯಲ್ಲಿ ಕಲ್ಯಾಣ ಮಂಟಪ ಬೇಕು. ಹಿಂದಿನ ಸಂಜೆ ರಿಸೆಪ್ಷನ್ನು, ಆರ್ಕೆಸ್ಟ್ರಾ, ವೀಡಿಯೋ, ಕೋಟು, ಗೋಬಿ ಮಂಚೂರಿ, ಐಸ್‌ಕ್ರೀಮು. ಮಾತುಕತೆಗೆಂದು ಇಬ್ಬರೂ ಕಣಕಟ್ಟೆಗೆ ಬಂದ ದಿನ ನಾನೂ ಅಲ್ಲಿದ್ದೆ.

"ಅಮ್ಮ, ನಮ್ಮ ಸ್ಟಾಫೆಲ್ಲ ಬರ್ತಾರೆ. ಅವರನ್ನ ಹುಲ್ಲಿನ ಬಣವೆ ಪಕ್ಕ ಕೂರ್ಸಕ್ಕಾಗುತ್ತಾ?" ಎಂದ ಉಮೇಶ.

"ಯಾಕೆ, ಕುಂತ್ರೆ ಮುಳ್ಳು ಚುಚ್ತದಾ?" ಎಂದಳು ತಿಮ್ಮಕ್ಕ.

ದಿವ್ಯಶ್ರೀ ತಾಳ್ಮೆಯಿಂದಲೇ ಹೇಳಿದಳು. "ಅತ್ತೆ, ನಮ್ಮಪ್ಪನ ಕೈಲೂ ಆಗಲ್ಲ, ನಿಮ್ಮ ಕೈಲೂ ಆಗಲ್ಲ. ಯಾರಿಗೂ ತೊಂದ್ರೆ ಬೇಡ ಅಂತ ನಾವಿಬ್ರೇ ಸೊಸೈಟೀಲಿ ನಲವತ್ತು ನಲವತ್ತು ಸಾವಿರ ಸಾಲ ತಗೋತಿದ್ದೀವಿ. ಐದು ವರ್ಷ ಸಂಬಳದಲ್ಲಿ ಮುರ್ಕೋತಾರೆ. ಮದುವೆ ಆಗೋದು ಒಂದೇ ಸಲ ಅಲ್ವಾ?"

"ಒಂದ್ ದಿನ ಉಂಡಿದ್ದಕ್ಕೆ ಐದ್ ವರ್ಷ ಕಟ್ಟೋದಾ? ಅಲ್ಲೀಗಂಟ ಏನ್ ತಿಂತೀರಾ, ವೀಡಿಯೋ ನೋಡ್ಕಂಡ್ ಇರ್ತೀರಾ?" ತಿಮ್ಮಕ್ಕ ಬಾಯಿ ಬಿಟ್ಟರೆ ಹೀಗೆಯೇ. ಇಬ್ಬರನ್ನೂ ದುರುಗುಟ್ಟಿ ನೋಡಿ, ಕೊನೆಗೆ ತಾನೇ ಸೋತಳು. "ಹೋಗ್ಲಿ, ತಗೊಳ್ಳಿ. ಮದ್ವೆ ಮಾರ್ನೆ ದಿನ ನನ್ ಮುಯ್ಯಿ ದುಡ್ಡು ತಂದು ಆ ಸೊಸೈಟಿ ಮುಂದೆ ಬಿಸಾಕಿ ಬತ್ತೀನಿ. ಅರವತ್ ಸಾವ್ರಕ್ಕೆ ಮೋಸ ಇಲ್ಲ. ನನ್ ಸೊಸೆ ಸಾಲ ಹೊತ್ಕಂಡ್ ಹೊಸ್ಲು ದಾಟೋದು ಬ್ಯಾಡ."

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಯಾಕೆ ಎಂಬುದು ಹತ್ತು ದಿನದ ಮೇಲೆ ನನಗೆ ತಿಳಿಯಿತು. ಉಮೇಶ ಲಗ್ನಪತ್ರಿಕೆಯ ಕರಡು ಹಿಡಿದು, ತಪ್ಪು ತಿದ್ದಿಕೊಡಿ ಎಂದು ಬಾಣಾವರಕ್ಕೆ ನಮ್ಮ ಮನೆಗೆ ಬಂದ. ಕೊನೆಯಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: 'ಮುಯ್ಯಿ, ಉಡುಗೊರೆಗಳನ್ನು ಸ್ವೀಕರಿಸುವುದಿಲ್ಲ. ತಮ್ಮ ಆಶೀರ್ವಾದವೇ ನಮಗೆ ಉಡುಗೊರೆ.'

ಇದು ದಿವ್ಯಶ್ರೀ ಬರೆಸಿದ್ದಂತೆ. ಅವಳ ಅಕ್ಕನ ಮದುವೆಯಲ್ಲಿ ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗಿ, ಕಡಿಮೆ ಕೊಟ್ಟವರಿಗೂ ದಿವ್ಯಶ್ರೀಯ ಅಪ್ಪನಿಗೂ ಜಗಳವಾಗಿ, ನೆಂಟರು ಊಟದ ಎಲೆ ಬಿಟ್ಟು ಎದ್ದು ಹೋಗಿದ್ದರಂತೆ. ಆ ಅವಮಾನ ತನ್ನ ಮದುವೆಯಲ್ಲಿ ಬೇಡವೆಂದು ಅವಳ ಹಟ. ಅವಳ ಕಡೆಯಿಂದ ನೋಡಿದರೆ ಅದೂ ಸರಿಯೇ. ಆದರೆ ಎಂಬತ್ತು ಸಾವಿರ ಸಾಲ ಎತ್ತಿ, ಬರುವ ಅರವತ್ತು ಸಾವಿರಕ್ಕೆ ಬಾಗಿಲು ಹಾಕುವ ದೊಡ್ಡಸ್ತಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಇದನ್ನ ನಿಮ್ಮಮ್ಮಂಗೆ ಹೇಳಿದೀಯೇನ್ಲಾ?" ಎಂದೆ.

"ಇಲ್ಲ ಮಾವ, ನಂಗೆ ಧೈರ್ಯ ಇಲ್ಲ. ನಿಮ್ಮ ಮಾತು ಕೇಳ್ತಾಳೆ, ನೀವೇ ಹೇಳ್ಬಿಡಿ."

ಆಗಲಿ ಎಂದೆ. 'ಆಶೀರ್ವಾದ'ದಲ್ಲಿ ಅರ್ಕಾವತ್ತು ಬಿಟ್ಟಿದ್ದರು, ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದೆ. ಅಕ್ಕನಿಗೆ ಹೇಳಲಿಲ್ಲ. ಇವತ್ತು ನಾಳೆ ಎಂದುಕೊಂಡೇ ಕಾಲ ತಳ್ಳಿದೆ. ಯಾಕೆ ಎಂದು ಮುಂದೆ ಹೇಳುತ್ತೇನೆ, ಹೇಳದೆ ನನಗೆ ಗತಿಯಿಲ್ಲ.

ಕಾರ್ಡು ಅಚ್ಚಾಗಿ ಬಂತು. ಇನ್ನೂರು ಕಾರ್ಡನ್ನು ತಿಮ್ಮಕ್ಕ ತಾನೇ ಹಂಚಿದಳು. ಬ್ಯಾಗಿನಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಮುಯ್ಯಿ ಹಾಕಿದ ಒಂದು ಮನೆಯನ್ನೂ ಬಿಡದೆ ಹೋದಳು. ಬಾಣಾವರದಲ್ಲಿ ಎರಡು ದಿನ ತಿರುಗಿದಳು. ಜಾವಗಲ್ ಮೇಲೆ ಹಳೇಬೀಡಿಗೆ ಹೋಗಿ, ಬೇಲೂರಲ್ಲಿ ಬಸ್ಸು ಬದಲಿಸಿ, ಗೆಂಡೆಹಳ್ಳಿಗೂ ಹೋಗಿ ಬಂದಳು. ಎಲ್ಲರಿಗೂ ಒಂದೇ ಮಾತು: "ನಿಮ್ಮನೇದೆಲ್ಲ ನಾನ್ ಬಂದ್ ಮಾಡಿದೀನಿ, ನಮ್ಮನೇದೂ ನಿಂತ್ ಮಾಡ್ಕೊಡಿ." ಕೊಡಬೇಡಿ ಎಂದು ಅಚ್ಚು ಹಾಕಿಸಿದ ಕಾಗದವನ್ನು, ಕೊಡಲಿ ಎಂಬ ಆಸೆಯಿಂದ, ಮನೆ ಮನೆಗೆ ಕೈಯಾರೆ ಕೊಟ್ಟು ಬಂದಳು.

ಮದುವೆ ದಿನ ಮಂಟಪದ ಬಾಗಿಲಲ್ಲಿ ಅವಳೇ ಒಂದು ಟೇಬಲ್ಲು ಹಾಕಿಸಿ, ತಾಂಬೂಲದ ತಟ್ಟೆ, ಹೊಸ ನೋಟ್‌ಬುಕ್ಕು ಇಟ್ಟು, ನನ್ನನ್ನು ಕೂರಿಸಿದಳು. ಪಕ್ಕದಲ್ಲಿ ತಾನು ನಿಂತಳು. ಆಗಲೂ ನಾನು ಹೇಳಲಿಲ್ಲ. ಧಾರೆ ಮುಗಿಯಿತು. ಕಣಕಟ್ಟೆಯವರು ಬಂದರು, ಬಾಣಾವರದವರು ಬಂದರು. ಎಲ್ಲರೂ "ಚೆನ್ನಾಗಿದೀಯಾ ತಿಮ್ಮಕ್ಕ" ಎಂದು ಕೈ ಬೀಸಿಕೊಂಡು ಊಟದ ಹಾಲಿಗೆ ನಡೆದರು. ಉಂಡು, ಐಸ್‌ಕ್ರೀಮು ನೆಕ್ಕುತ್ತಾ ಅದೇ ಬಾಗಿಲಲ್ಲಿ ಹೊರಗೆ ಹೋದರು. ಇಪ್ಪತ್ತೈದು ವರ್ಷ ಅವಳ ಕಾಯಿ, ಅಕ್ಕಿ, ತುಪ್ಪ ತಿಂದ ಬಾಯಿಗಳು ಅವು. ಒಬ್ಬರಿಗಾದರೂ, ಈ ವಿಧವೆ ಹೆಂಗಸು ಯಾಕೆ ಬೇಡ ಎಂದಳು ಎಂದು ಕೇಳಬೇಕು ಅನ್ನಿಸಲಿಲ್ಲ. ಅನ್ನಿಸುವುದಾದರೂ ಹೇಗೆ, ಉಳಿದರೆ ಸಾಕು ಎನ್ನುವ ಜನಕ್ಕೆ!

"ಯಾಕ್ಲಾ ಯಾರೂ ಬರಸ್ತಿಲ್ಲ?" ಎಂದಳು ಅಕ್ಕ.

"ಬರ್ತಾರೆ ಬಿಡಕ್ಕ," ಎಂದೆ.

ಆಗ ಗೆಂಡೆಹಳ್ಳಿಯ ಮುತ್ತಮ್ಮ ಊಟ ಮುಗಿಸಿ ಬಂದಳು. ತಿಮ್ಮಕ್ಕ ಅಡ್ಡ ನಿಂತೇಬಿಟ್ಟಳು. "ಏನ್ ಮುತ್ತಮ್ಮ, ಮೂರ್ ಮದ್ವೆಗೆ ಮೂರ್ ಸೀರೆ ಹೊತ್ಕಂಡ್ ಬಂದಿದ್ದೆ. ಮರ್ತೋಯ್ತಾ?"

ಮುತ್ತಮ್ಮನಿಗೂ ರೇಗಿತು. "ತರ್ಬ್ಯಾಡ ಅಂತ ಅಚ್ಚು ಹಾಕ್ಸಿ ನೀನೇ ಕೈಗೆ ಕೊಟ್ಟೋದ್ಯಲ್ಲೇ! ನಂಗೆ ಓದಕ್ ಬರಲ್ಲ, ಮೊಮ್ಮಗಳು ಓದಿದ್ಲು. ಮಗ ಸಂಬಳ ಎಣಿಸ್ತವ್ನೆ, ತಿಮ್ಮಕ್ಕಂಗೆ ನಮ್ ದುಡ್ಡು ಕಸ ಆಗೈತೆ ಅಂದ್ಕಂಡು ನಾನೂ ಹೊಟ್ಟೆ ಉರ್ಕಂಡೆ." ಬ್ಯಾಗಿನಿಂದ ಕಾರ್ಡು ತೆಗೆದು ಟೇಬಲ್ಲಿನ ಮೇಲೆ ಎಸೆದಳು.

ತಿಮ್ಮಕ್ಕ ಅದನ್ನೆತ್ತಿ ನನ್ನ ಮುಂದೆ ಹಿಡಿದಳು. "ಓದು."

ಓದಿದೆ. ಕೇಳಿಸಿಕೊಂಡವಳು ಸೀದಾ ವೇದಿಕೆ ಹತ್ತಿದಳು. ನಾನೂ ಹಿಂದೆಯೇ ಓಡಿದೆ.

"ಯಾರನ್ನ ಕೇಳಿ ಬರ್ಸಿದ್ರಿ?"

"ಅತ್ತೆ, ಮೆಲ್ಲಗೆ, ವೀಡಿಯೋ ಓಡ್ತಿದೆ," ಎಂದಳು ದಿವ್ಯಶ್ರೀ.

"ಓಡ್ಲಿ. ಎಂಬತ್ ಸಾವ್ರ ಸುರ್ದಿದೀರಲ್ಲ, ಇದೂ ಬರ್ಲಿ ಅದ್ರಲ್ಲಿ."

"ಬಾಗಿಲಲ್ಲಿ ತಟ್ಟೆ ಇಟ್ಕೊಂಡು ಕೂತ್ರೆ ಭಿಕ್ಷೆ ಬೇಡಿದ ಹಾಗಿರುತ್ತೆ ಅತ್ತೆ. ನಮಗೂ ಮರ್ಯಾದೆ ಇದೆ."

"ಭಿಕ್ಷೆಯಾ? ನಾನ್ ಇಟ್ಟಿದ್ದು ನಾನ್ ಕೇಳ್ತಿದೀನಿ. ಬೇಡಿರೋರು ನೀವು, ಆ ಸೊಸೈಟಿ ಬಾಗ್ಲಲ್ಲಿ."

ಧಾರೆ ಮುಗಿದ ಮೇಲೆ ಮತ್ತೆ ಹಾಕಿಕೊಂಡ ಕೋಟಿನೊಳಗೆ ಉಮೇಶ ಬೆವೆತು ಹೋಗಿದ್ದ. "ಅಮ್ಮ, ನಾನು ಮಾವಂಗೆ ಹೇಳಿದ್ದೆ. ಅವರೇ ತಿದ್ದಿಕೊಟ್ಟಿದ್ದು. ನಿಂಗೆ ಹೇಳ್ತೀನಿ ಅಂದಿದ್ರು."

ತಿಮ್ಮಕ್ಕ ತಿರುಗಿ ನನ್ನನ್ನು ನೋಡಿದಳು. ಮಗನಿಗೂ ಸೊಸೆಗೂ ಬೈದಷ್ಟು ಬೈದಿದ್ದರೆ ನನಗೆ ಸುಖವಾಗುತ್ತಿತ್ತು. ಅವಳು ಬೈಯಲಿಲ್ಲ. ಅಷ್ಟು ಜನರ ಮುಂದೆ, ಮುಯ್ಯಿ ಬರೆಸುವಾಗ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು: "ಬಾಣಾವರದ ರಾಮಣ್ಣನ ಮಗಳು ರಾಣಿ ಮದ್ವೆಗೆ ಐದ್ ಸಾವ್ರ ರೂಪಾಯಿ, ಒಂದ್ ಮೂಟೆ ಅಕ್ಕಿ, ಇನ್ನೂರು ಕಾಯಿ."

ಅದೇ ಕಾರಣ. ಎರಡು ವರ್ಷದ ಹಿಂದೆ ನನ್ನ ಮಗಳ ಮದುವೆಯಲ್ಲಿ ಕೈ ಬರಿದಾಗಿದ್ದಾಗ ಅವಳು ಒಂದು ವರ್ಷದ ಕೊಬ್ಬರಿ ದುಡ್ಡು ತಂದು ಹಾಕಿದ್ದಳು. ಅದಕ್ಕೆ ಒಂದಿಷ್ಟು ಸೇರಿಸಿ ಉಮೇಶನ ಮದುವೆಗೆ ನಾನು ಹಾಕಬೇಕಿತ್ತು. ಆ ಕರಡಿನ ಕೊನೆಯ ಸಾಲು ಓದಿದ ಕೂಡಲೆ ನನ್ನ ಮನಸ್ಸಿಗೆ ಬಂದದ್ದು ಅಕ್ಕನ ಮುಖವಲ್ಲ. ಸದ್ಯ, ಉಳಿಯಿತು ಎಂದುಕೊಂಡೆ. ಊರವರನ್ನು ಇಷ್ಟು ಹೊತ್ತು ಬೈದೆನಲ್ಲ, ಅವರ ಸಾಲಿನಲ್ಲಿ ಮೊದಲು ನಿಂತವನು ನಾನು.

ಮದುವೆಯ ಮಾರನೆಯ ದಿನ ಸೊಸೈಟಿಗೆ ಯಾರೂ ಹೋಗಲಿಲ್ಲ. ಉಮೇಶ, ದಿವ್ಯಶ್ರೀ ಅರಸೀಕೆರೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಸಂಬಳದಲ್ಲಿ ಸಾಲ ಮುರಿದುಕೊಂಡು ಉಳಿದದ್ದರಲ್ಲಿ ಇಪ್ಪತ್ತನೇ ತಾರೀಕಿಗೆ ಅಕ್ಕಿ ಖಾಲಿಯಾಗುತ್ತಿತ್ತು. ತಿಂಗಳಿಗೊಮ್ಮೆ ತಿಮ್ಮಕ್ಕ ರಾಗಿ ಹಿಟ್ಟು, ಕಾಯಿ ಹೊತ್ತು ಬಸ್ಸು ಹತ್ತುತ್ತಿದ್ದಳು. ಸೊಸೆಯ ಮೇಲೆ ಕೂಗಾಡುತ್ತಲೇ ಡಬ್ಬ ತುಂಬಿಸಿ ಬರುತ್ತಿದ್ದಳು. ಅವರನ್ನು ಅವಳು ಬಿಡಲಿಲ್ಲ.

ಮುತ್ತಮ್ಮ ಹದಿನೈದು ದಿನಕ್ಕೆ ಮೂರು ಸೀರೆಯ ದುಡ್ಡು, ಮೇಲೆ ಐನೂರು ಹಿಡಿದು ಕಣಕಟ್ಟೆಗೆ ಬಂದಳು. ಅವಳನ್ನು ನೋಡಿ ಇನ್ನೂ ಇಪ್ಪತ್ತು ಮನೆಯವರು ಬಂದರು. ತಿಮ್ಮಕ್ಕ ಎಲ್ಲರದನ್ನೂ ತೆಗೆದುಕೊಂಡು ಮಗನಿಗೆ ಕೊಟ್ಟಳು. ಬಂದದ್ದು ಹನ್ನೊಂದು ಸಾವಿರ. ಉಳಿದವರು ತಿಂದ ಐಸ್‌ಕ್ರೀಮಿನೊಂದಿಗೆ ಮುಯ್ಯಿಯನ್ನೂ ನುಂಗಿದರು.

ನಾನು ದೀಪಾವಳಿ ಕಳೆದ ಮೇಲೆ ಹೋದೆ. ಕವರಿನಲ್ಲಿ ಏಳು ಸಾವಿರವಿತ್ತು. ಅಕ್ಕ ಜಗಲಿಯಲ್ಲಿ ಕೊಬ್ಬರಿ ಒಡೆಯುತ್ತಿದ್ದಳು. ಕವರನ್ನು ಪಕ್ಕದಲ್ಲಿ ಇಟ್ಟೆ. ಅವಳು ಕೈ ಒರೆಸಿಕೊಂಡು ಅದನ್ನೆತ್ತಿ ನನ್ನ ಜೇಬಿಗೇ ತುರುಕಿದಳು.

"ನಿಂದು ಬ್ಯಾಡ."

"ಅಕ್ಕ, ತಪ್ಪಾಯ್ತು. ಮುತ್ತಮ್ಮಂದು ತಗೊಂಡ್ಯಲ್ಲ, ನಂದೂ ತಗೋ."

"ಮುತ್ತಮ್ಮಂಗೆ ಓದಕ್ ಬರಲ್ಲ," ಎಂದಳು. ಇನ್ನೊಂದು ಕೊಬ್ಬರಿ ಎತ್ತಿಕೊಂಡಳು. "ನೀನ್ ಓದಿದೀಯ. ಬ್ಯಾಡ ಅಂತ ಬರ್ದೈತಲ್ಲ ಕಾರ್ಡಲ್ಲಿ. ಉಂಡ್ಕಂಡ್ ಹೋಗು."