ದೊಡ್ಡಬಳ್ಳಾಪುರದ ಜಗುಲಿಯಲ್ಲಿ ನೀಲಾಳ ಚೌಕಾಬಾರ

ನಾವು ದೊಡ್ಡಬಳ್ಳಾಪುರಕ್ಕೆ ಬಂದ ಮರುದಿನ ಬೆಳಗ್ಗೆ ನೆಲ ನಡುಗಿದಂತಾಗಿ ಎದ್ದು ಕೂತೆ. ತಲೆದೆಸೆಯಲ್ಲಿಟ್ಟಿದ್ದ ತಂಬಿಗೆಯೊಳಗೆ ನೀರು ಅಲುಗುತ್ತಿತ್ತು. ಗೋಡೆಗೆ ಕೈಯಿಟ್ಟರೆ ಗೋಡೆಯೂ ಅದುರುತ್ತಿತ್ತು. ಹೆದರಿ ಹೊರಗೆ ಓಡಿ ಬಂದರೆ ಎದುರುಮನೆಯ ಹೆಂಗಸು ನಿಶ್ಚಿಂತೆಯಿಂದ ರಂಗೋಲಿ ಹಾಕುತ್ತಿದ್ದಳು. ಆ ಬೀದಿಯ ಮನೆಮನೆಯಲ್ಲೂ ವಿದ್ಯುತ್ ಮಗ್ಗಗಳು ಒಟ್ಟಿಗೆ ಓಡುತ್ತಿದ್ದವು, ಅಷ್ಟೇ.

ಮಗ್ಗ ನನಗೆ ಹೊಸದಲ್ಲ. ಬನಹಟ್ಟಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮ ಮಾವ ನೇಯುತ್ತಿದ್ದುದು ಕೈಮಗ್ಗ. ಅದರ ಸದ್ದಿನ ನಡುವೆಯೇ ಮನೆಯವರೆಲ್ಲ ಮಾತಾಡಿಕೊಂಡು, ನಕ್ಕು, ಜಗಳವಾಡಿಕೊಂಡು ಇರುತ್ತಿದ್ದೆವು. ಇಲ್ಲಿ ಪಕ್ಕದಲ್ಲಿ ಕೂತವರಿಗೂ ಕೂಗಿ ಹೇಳಬೇಕು. ಊರಿನ ಮಗ್ಗ ನಿಂತುಹೋದ ಮೇಲೆ ನನ್ನ ಗಂಡ ಈರಣ್ಣ ಇಲ್ಲಿ ಕೆಲಸ ಹುಡುಕಿಕೊಂಡಿದ್ದರು. ಮಗಳು ನೀಲಾಳಿಗೆ ಆಗ ನಾಲ್ಕು ತುಂಬಿತ್ತು. ಒಳಗೆ ಬಂದು ನೋಡಿದರೆ ಆ ಗದ್ದಲದಲ್ಲೂ ಅವಳು ಹಾಯಾಗಿ ಮಲಗಿದ್ದಳು. ಸದ್ಯ, ಕೂಸಿಗಾದರೂ ಈ ಊರು ಒಗ್ಗಿತಲ್ಲ ಎಂದು ಸಮಾಧಾನಪಟ್ಟೆ.

ನನಗೆ ಒಗ್ಗಲಿಲ್ಲ. ಎರಡೂ ಕಡೆ ಕನ್ನಡವೇ ಆದರೂ ನಾನು ಬಾಯಿ ತೆರೆದರೆ ಅಂಗಡಿಯವನು ನಗುತ್ತಿದ್ದ. ಮನೆಯೊಡತಿ ಜಯಮ್ಮ ಮೊದಲ ದಿನವೇ, “ಏನ್ ಗೌರಮ್ಮ, ಹಿಟ್ಟು ತಿಂದ್ರಾ?” ಎಂದು ಕೇಳಿದಾಗ ನಾನು ಕಕ್ಕಾಬಿಕ್ಕಿಯಾದೆ. ಯಾರಾದರೂ ಹಿಟ್ಟನ್ನೇ ತಿನ್ನುತ್ತಾರೆಯೇ? ಹಿಟ್ಟು ಅಂದರೆ ಇಲ್ಲಿನವರಿಗೆ ರಾಗಿಮುದ್ದೆ. ಅದನ್ನು ಅಗಿಯದೆ ನುಂಗುವುದನ್ನು ಕಲಿಯಲು ನನಗೆ ಬಹಳ ಕಾಲ ಬೇಕಾಯಿತು. ಊರಿನ ಗೌರವ್ವ ಇಲ್ಲಿ ಗೌರಮ್ಮ ಆಗಿಬಿಟ್ಟಿದ್ದಳು. ಜೋಳದ ರೊಟ್ಟಿ ಬಡಿಯುವ ಸದ್ದು ಈ ಬೀದಿಯಲ್ಲಿ ನಮ್ಮ ಮನೆಯೊಂದರದೇ. ಮಗ್ಗದ ಅಬ್ಬರದಲ್ಲಿ ಅದೂ ಯಾರಿಗೂ ಕೇಳಿಸುತ್ತಿರಲಿಲ್ಲ.

ನೀಲಾ ಇನ್ನೂ ಮಾತಾಡುತ್ತಿರಲಿಲ್ಲ. “ಅವರಪ್ಪಗೂ ಮಾತು ತಡಾ ಬಂದಿದ್ದು, ಅಂಜಬ್ಯಾಡ” ಎಂದು ಅತ್ತೆ ಊರಲ್ಲಿ ಧೈರ್ಯ ಹೇಳಿದ್ದರು. ನಾವೂ ನಂಬಿದ್ದೆವು. ಹೊಸ ಊರಿಗೆ ಬಂದ ಮೇಲಂತೂ ಹೇಳಿಕೊಳ್ಳಲು ಇನ್ನೊಂದು ಕಾರಣ ಸಿಕ್ಕಿತು. ಮಗುವಿಗೆ ಇಲ್ಲಿನ ಮಾತು ಹೊಸದು, ಅದಕ್ಕೇ ಸುಮ್ಮನಿದ್ದಾಳೆ ಎಂದುಕೊಂಡೆವು.

ಜಯಮ್ಮನ ಜಗುಲಿಯ ಕಲ್ಲಿನಲ್ಲಿ ಚೌಕಾಬಾರದ ಮನೆಗಳನ್ನು ಯಾರೋ ಹಿರಿಯರು ಕೊರೆದಿಟ್ಟಿದ್ದರು. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಮಗ್ಗಗಳು ನಿಂತು ಬೀದಿಗೆ ಬೀದಿಯೇ ಮೌನವಾದಾಗ ಜಯಮ್ಮ ಕವಡೆ ಹಿಡಿದು ಕೂರುತ್ತಿದ್ದರು. ಒಂದು ದಿನ ನೀಲಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಬಿದ್ದ ಕವಡೆಗಳಲ್ಲಿ ಎಷ್ಟು ಬಾಯಿ ಮೇಲಿದೆಯೋ ಅಷ್ಟು ಮನೆ ಕಾಯಿ ನಡೆಸಬೇಕು. ಇದನ್ನು ನೀಲಾ ನೋಡಿಯೇ ಕಲಿತಳು. ದೊಡ್ಡ ಮಕ್ಕಳು ಬೆರಳಿಟ್ಟು ಎಣಿಸುವಷ್ಟರಲ್ಲಿ ಇವಳ ಕಾಯಿ ಸರಿಯಾದ ಮನೆಯಲ್ಲಿ ಕೂತಿರುತ್ತಿತ್ತು. ಕಾಯಿ ನಟ್ಟನಡುವಿನ ಮನೆ ಸೇರಿದರೆ ಹಣ್ಣಾಯಿತು ಎನ್ನುತ್ತಾರೆ. ತನ್ನ ಮೊದಲ ಕಾಯಿ ಹಣ್ಣಾದ ದಿನ ಅವಳು ಜಗುಲಿಯ ಮೇಲೆ ಕುಣಿದಾಡಿದಳು. ಈ ಊರಿಗೆ ಬಂದ ಮೇಲೆ ನಾನು ಮನಸಾರೆ ನಕ್ಕದ್ದು ಅಂದೇ ಮೊದಲು.

ಆದರೆ ಜಯಮ್ಮ ನಗಲಿಲ್ಲ. ಮಗುವನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, ನೀಲಾಳ ಬೆನ್ನ ಹಿಂದೆ ಹೋಗಿ, ಸ್ಟೀಲ್ ತಟ್ಟೆಯೊಳಗೆ ಕವಡೆಗಳನ್ನು ಜೋರಾಗಿ ಸುರಿದರು. ಮೌನದ ಬೀದಿಯಲ್ಲಿ ಆ ಸದ್ದಿಗೆ ಎದುರುಮನೆಯ ನಾಯಿ ಕಿವಿ ನಿಮಿರಿಸಿತು. ನೀಲಾ ಕಾಯಿ ಜೋಡಿಸುತ್ತಲೇ ಇದ್ದಳು.

“ಗೌರಮ್ಮ, ಬೇಜಾರ್ ಮಾಡ್ಕಬೇಡ ಕಣಮ್ಮ,” ಅಂದರು ಜಯಮ್ಮ. “ಈ ಮಗೂಗೆ ಕಿವಿ ಕೇಳುಸ್ತೈತಾ?”

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹಲವು ಪರೀಕ್ಷೆಗಳಾದವು. ಎರಡು ಕಿವಿಯೂ ಕೇಳುವುದಿಲ್ಲ ಎಂದರು. ಕಿವಿಗೆ ಯಂತ್ರ ಹಾಕಿ ನೋಡಿದರು, ಅವಳು ಅದನ್ನು ಕಿತ್ತು ನನ್ನ ಕೈಗೆ ಕೊಟ್ಟಳು. ಆಪರೇಷನ್ ಮಾಡಿದರೆ ಕೇಳಿಸುವ ಮಕ್ಕಳಿದ್ದಾರೆಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು ನಾವಿಬ್ಬರೂ ಆಸೆಯಿಂದ ಕಾದೆವು. ಸ್ಕ್ಯಾನ್ ನೋಡಿದ ಡಾಕ್ಟರು ಮೆಲ್ಲಗೆ ಹೇಳಿದರು: “ಕಿವಿಯಿಂದ ಮಿದುಳಿಗೆ ಹೋಗೋ ನರಾನೇ ಬೆಳೆದಿಲ್ಲಮ್ಮ. ಆಪರೇಷನ್ನಿಂದ ಉಪಯೋಗ ಆಗಲ್ಲ. ಕೈಸನ್ನೆಯ ಭಾಷೆ ಇದೆ, ಅದನ್ನ ಶುರು ಮಾಡಿ. ಇವಳಷ್ಟೇ ಅಲ್ಲ, ಮನೆಯವರೆಲ್ಲ ಕಲೀಬೇಕು.”

ವಾಪಸು ಬಸ್ಸಿನಲ್ಲಿ ಯಲಹಂಕ ದಾಟುವವರೆಗೂ ಈರಣ್ಣ ಸ್ಕ್ಯಾನಿನ ಹಾಳೆಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, “ಕೈ ಆಡಿಸೂದು ರೂಢಿ ಆತಂದ್ರ ಬಾಯಿ ತೆರಿಯೂದಿಲ್ಲ ಆಕಿ. ನಾ ಕಲಿಯಾಂಗಿಲ್ಲ, ನೀನೂ ಕಲಿಸಬ್ಯಾಡ,” ಅಂದರು.

ನಾನು ಕಲಿತೆ. ಆಸ್ಪತ್ರೆಯವರು ಹೇಳಿದ ಕಡೆ ಸನ್ನೆ ಕಲಿಸುವ ಟೀಚರ್ ಒಬ್ಬರಿದ್ದರು, ಅವರಿಗೂ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಮೀಸೆ ತೀಡಿದರೆ ಅಪ್ಪ. ಮೂಗುತಿಯ ಜಾಗ ಮುಟ್ಟಿದರೆ ಅವ್ವ. ಎರಡು ಅಂಗೈಗಳನ್ನು ಸೂರಿನ ಹಾಗೆ ಜೋಡಿಸಿದರೆ ಮನೆ. ಮಗುವಿಗೆ ಯಾವುದರಿಂದ ಖುಷಿಯೋ ಅದರಿಂದಲೇ ಕಲಿಸಿ ಎಂದು ಅವರು ಸೂಚಿಸಿದರು. ಖುಷಿಯ ವಿಷಯ ನನಗೆ ಗೊತ್ತಿತ್ತು. ಸೀರೆ ಡಬ್ಬದ ರಟ್ಟು ಕತ್ತರಿಸಿ ಚೌಕಾಬಾರದ ಮನೆಗಳನ್ನು ಗೀಚಿದೆ. ಒಂದೊಂದು ಮನೆಯಲ್ಲಿ ಒಂದೊಂದು ಚಿತ್ರ ಬರೆದೆ: ಬಸ್ಸು, ಹಾಲು, ನಾಯಿ, ರೊಟ್ಟಿ, ಮಳೆ. ಕಾಯಿ ಯಾವ ಚಿತ್ರದ ಮೇಲೆ ಕೂರುತ್ತದೋ ಅದರ ಸನ್ನೆ ಮಾಡಬೇಕು, ಮಾಡದಿದ್ದರೆ ಕಾಯಿ ಹಿಂದಕ್ಕೆ. ನಾನೇ ಹೆಚ್ಚು ಸಲ ಹಿಂದಕ್ಕೆ ಹೋಗುತ್ತಿದ್ದೆ. ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಬೀದಿಯ ಮಕ್ಕಳೂ ಸೇರಿಕೊಂಡರು. “ನೀಲಾ ಮೋಸ ಮಾಡ್ಬಿಟ್ಳು, ಆಂಟಿ!” ಎಂದು ಬಾಯಲ್ಲಿ ನನಗೆ ದೂರುತ್ತಲೇ ಕೈಯಲ್ಲಿ ಅವಳಿಗೂ ಅದನ್ನೇ ಹೇಳುವಷ್ಟು ಕಲಿತರು. ನನ್ನ ಮಗಳು ಕೈಯಲ್ಲೇ ವಾದಿಸಿ, ಕೈಯಲ್ಲೇ ಬೈದು, ಕೈಯಲ್ಲೇ ರಾಜಿಯಾಗುತ್ತಿದ್ದಳು. ಮಗ್ಗಗಳು ಎಷ್ಟೇ ಅಬ್ಬರಿಸಿದರೂ ಅವಳ ಮಾತಿಗೆ ಅಡ್ಡಿಯಾಗುತ್ತಿರಲಿಲ್ಲ. ಎದುರುಮನೆಯ ಮಗ್ಗದವನೂ ದೂರದಿಂದಲೇ ಬೆರಳೆತ್ತಿ ಯಾರು ಗೆದ್ದರೆಂದು ಕೇಳುತ್ತಿದ್ದ.

ಆ ಬೇಸಿಗೆಯಲ್ಲಿ ಊರಿಗೆ ಹೋದೆವು. ಬಸ್ಸಿಳಿದು ನಮ್ಮ ಕಡೆಯ ಮಾತು ಕಿವಿಗೆ ಬಿದ್ದಾಗ ನನ್ನ ಕಣ್ಣು ತುಂಬಿತು. ಯಾರೂ ನಗದ ಹಾಗೆ ಮಾತಾಡಬಹುದಾದ ಊರು! ಮರುದಿನ ನೀಲಾ ಅಂಗಳದಲ್ಲಿ ರಟ್ಟು ಹಾಸಿದಳು. ಮೈದುನನ ಮಕ್ಕಳು ಓಡಿ ಬಂದರು. ಆದರೆ ಅವರು ಕೂಗುತ್ತ ಆಡುವವರು. ಇವಳು ಕೈ ಆಡಿಸಿದಾಗಲೆಲ್ಲ ಅಣಕಿಸಿದರು, ಆಮೇಲೆ ಬೇಸತ್ತು ಕವಡೆ ಎತ್ತಿಕೊಂಡು ತಮ್ಮ ಪಾಡಿಗೆ ಆಡತೊಡಗಿದರು. ನೀಲಾ ಅಜ್ಜಿಯ ಬಳಿಗೆ ಹೋಗಿ ಅವರ ಸೆರಗು ಜಗ್ಗಿದಳು. ಬಾ, ಆಡೋಣ ಎಂದು ಸನ್ನೆ ಮಾಡಿದಳು. ಅತ್ತೆ ಮುಖ ತಿರುಗಿಸಿಕೊಂಡು ಅತ್ತರು.

“ಹಿಂಗ ಕೈ ಮಾಡಿದ್ರ ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ತೈತಿ. ಮಂದಿ ಮುಂದ ಮಾಡಸಬ್ಯಾಡ ಗೌರವ್ವ.”

“ಅದು ಆಕಿ ಮಾತು, ಅತ್ತಿ,” ಅಂದೆ.

“ಮಾತಂದ್ರ ಬಾಯಿಲೆ ಆಡೂದು,” ಅಂದರು ಈರಣ್ಣ.

ಅಜ್ಜಿ ಯಾಕೆ ಅಳುತ್ತಾಳೆ ಎಂದು ನೀಲಾ ನನ್ನನ್ನು ಕೇಳಿದಳು. ಕಣ್ಣಿನ ನೋವು ಎಂದು ಹೇಳಿದೆ. ಉಳಿದ ದಿನಗಳನ್ನು ಅವಳು ಅಡುಗೆಮನೆಯಲ್ಲಿ ನನ್ನ ಮಗ್ಗುಲಲ್ಲೇ ಕಳೆದಳು. ಊರಲ್ಲಿ ಹಳೆಯ ಗೆಳತಿಯರೊಂದಿಗೆ ಮನಸ್ಸು ತುಂಬುವಷ್ಟು ಹರಟಬೇಕೆಂದುಕೊಂಡಿದ್ದೆ. ಮಾತು ರಂಗೇರುವಷ್ಟರಲ್ಲಿ ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಅವರು ಏನು ಹೇಳುತ್ತಿದ್ದಾರೆ? ನನಗೂ ಹೇಳು.

ಈರಣ್ಣ ನಮ್ಮ ಜೊತೆ ವಾಪಸು ಬರಲಿಲ್ಲ. ತಾಯಿಗೆ ಹುಷಾರಿಲ್ಲ ಎಂದರು, ತಮ್ಮನ ಅಂಗಡಿಯಲ್ಲಿ ಕೆಲಸವಿದೆ ಎಂದರು. ನೀವೂ ಇಲ್ಲೇ ಇರಿ ಎಂದರು. “ಮನ್ಯಾಗ ಇಷ್ಟ ಮಂದಿ ಅದೀವಿ, ಕೂಸು ಹೆಂಗೋ ಬೆಳಿತೈತಿ.” ಹೆಂಗೋ ಬೆಳೆಯುವುದು ಅಂದರೇನೆಂದು ಆ ಅಂಗಳದಲ್ಲಿ ಕಣ್ಣಾರೆ ನೋಡಿದ್ದೆ. ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಈಗ ನಾನು ಜಯಮ್ಮನ ಮನೆಯಲ್ಲಿ ಮಗ್ಗಕ್ಕೆ ಕಂಡಿಕೆ ಸುತ್ತುತ್ತೇನೆ, ಅಂದರೆ ಲಾಳಿಯೊಳಗಿಡುವ ಸಣ್ಣ ಕೊಳವೆಗಳಿಗೆ ನೂಲು ಸುತ್ತುವ ಕೆಲಸ. ನೀಲಾ ಬೆಂಗಳೂರಿನ ಕಿವುಡು ಮಕ್ಕಳ ಶಾಲೆಗೆ ಹೋಗುತ್ತಾಳೆ. ನನಗಿಂತ ಎಷ್ಟೋ ಮುಂದೆ ಹೋಗಿದ್ದಾಳೆ. ಅವಳ ಬೆರಳುಗಳು ಓಡುವ ವೇಗಕ್ಕೆ ನನ್ನ ಕಣ್ಣು ಸೋಲುತ್ತದೆ. ನನ್ನ ತಾಯಿನುಡಿ ನನ್ನ ಮಗಳ ತಾಯಿನುಡಿಯಲ್ಲ. ನಮ್ಮವ್ವ ನನಗೆ ಹಾಡಿದ ಒಂದು ಜೋಗುಳವನ್ನೂ ಅವಳಿಗೆ ದಾಟಿಸಲಾರೆ. ಊರಿನ ಮಾತು ಈಗ ಫೋನಿನಲ್ಲಷ್ಟೇ ಬಾಯಿಗೆ ಬರುತ್ತದೆ, ಅದೂ ಜಗಳಕ್ಕೆ. ಇಲ್ಲಿ ಬೇರೂರಿದೆನೆಂದೂ ಹೇಳಲಾರೆ. ರೊಟ್ಟಿ ತಟ್ಟುವಾಗ ನಮ್ಮ ಮನೆಯ ಪಡಸಾಲೆ ಈಗಲೂ ಕಣ್ಣೆದುರು ಬರುತ್ತದೆ. ಆದರೆ ಆ ಪಡಸಾಲೆಯಲ್ಲಿ ನನ್ನ ಮಗಳನ್ನು ಎಲ್ಲಿ ಕೂರಿಸಬೇಕೋ ತಿಳಿಯುವುದಿಲ್ಲ.

ಕಳೆದ ಭಾನುವಾರ ಈರಣ್ಣ ವಿಡಿಯೋ ಕಾಲ್ ಮಾಡಿದ್ದರು. ನೀಲಾ ಫೋನನ್ನು ಗೋಡೆಗೆ ಆನಿಸಿಟ್ಟು, ಎದುರಿಗೆ ಹೊಸ ರಟ್ಟು ಹಾಸಿ, ಅಪ್ಪನ ಪಾಲಿನ ಕಾಯಿಗಳೆಂದು ಹುಣಸೆ ಬೀಜಗಳನ್ನು ಜೋಡಿಸಿದಳು. ಅಪ್ಪನ ಪರವಾಗಿ ತಾನೇ ಕವಡೆ ಹಾಕಿದಳು. ಮೂರು ಬಿತ್ತು. ಎಷ್ಟು ಎಂದು ಅಪ್ಪನನ್ನು ಕೇಳಿದಳು.

“ಮೂರು!” ಎಂದು ಕೂಗಿದರು ಈರಣ್ಣ. “ಮೂ-ರು! ಬಾಯಿಲೆ ಅನ್ನವ್ವಾ ಬಂಗಾರಿ, ಮೂ-ರು!”

ಅವಳು ಮೂರು ಬೆರಳೆತ್ತಿ ತೋರಿಸಿ ಕಾದಳು. ನೀವೂ ಮೂರು ಬೆರಳು ತೋರಿಸಿರಿ, ಅಷ್ಟೇ ಸಾಕು ಎಂದು ನಾನು ಪಕ್ಕದಿಂದ ಬೇಡಿಕೊಂಡೆ. ಅವರು ಕ್ಯಾಮೆರಾಕ್ಕೆ ಇನ್ನಷ್ಟು ಹತ್ತಿರ ಬಂದು ಬಾಯಿ ಅಗಲಿಸಿ ಅದನ್ನೇ ಕೂಗಿದರು. ಪರದೆಯ ತುಂಬ ಅವರ ತುಟಿ, ಹಲ್ಲು. ಕಣ್ಣಲ್ಲಿ ನೀರಿತ್ತೋ ಏನೋ, ಕಾಣಲಿಲ್ಲ.

ನೀಲಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಪ್ಪನ ಹುಣಸೆ ಬೀಜಗಳನ್ನು ಒಂದೊಂದಾಗಿ ರಟ್ಟಿನಿಂದ ಎತ್ತಿ ಪಕ್ಕಕ್ಕಿಟ್ಟಳು. ಕವಡೆಗಳನ್ನು ನನ್ನ ಕೈಗೆ ಸುರಿದು, ನಿನ್ನ ಆಟ ಎಂದು ಸನ್ನೆ ಮಾಡಿದಳು. ಗೋಡೆಗಾನಿಸಿದ ಫೋನಿನಲ್ಲಿ ಅವರು ಇನ್ನೂ ಕೂಗುತ್ತಿದ್ದರು.