ಕೈ ಎತ್ತಿದರೆ ತಲಕಟ್ಟು

ಹುಣಸೆ ಬೀಜ ಬೇಯುವಾಗ ಹುಳಿ ವಾಸನೆ ಬರುವುದಿಲ್ಲ. ಸ್ವಲ್ಪ ಹುರಿದ ಹಿಟ್ಟಿನಂತೆ, ಸ್ವಲ್ಪ ಒದ್ದೆ ಕಟ್ಟಿಗೆಯಂತೆ ಇರುತ್ತದೆ. ಕಳೆದ ವಾರ, ಕಣಗಲಾ ಹತ್ತಿರದ ನಮ್ಮ ಶಾಲೆಯಲ್ಲಿ ಮಕ್ಕಳ ಮುಖವಾಡಗಳಿಗೆ ಅಂಟು ಬೇಕೆಂದು ಅಡುಗೆಯವರಿಗೆ ಹೇಳಿ ಒಲೆಯ ಮೇಲೆ ಇಡಿಸಿದ್ದೆ. ಮುಚ್ಚಳ ತೆಗೆದಾಗ ದೊಡ್ಡಕ್ಕೋರು ನೆನಪಾದರು.

ನಮ್ಮ ಕಡೆ ಕಲಿಸುವ ಹೆಂಗಸರಿಗೆ ಮಕ್ಕಳು ಅಕ್ಕೋರು ಎನ್ನುತ್ತಾರೆ. ಮೂಡಲಗಿಯಾಚೆಯ ಒಂದು ಊರಿನ ಶಾಲೆಯಲ್ಲಿ ಅವರು ದೊಡ್ಡಕ್ಕೋರು, ಆಗಷ್ಟೇ ನೌಕರಿಗೆ ಸೇರಿದ್ದ ನಾನು ಸಣ್ಣಕ್ಕೋರು. ಅವರು ದಿನಾ ಗೋಕಾಕದಿಂದ ಬಸ್ಸಿನಲ್ಲಿ ಬರುತ್ತಿದ್ದರು. ತವರಿನಲ್ಲಿ ಕಟ್ಟಿಗೆಯ ಗೊಂಬೆ ಮಾಡುತ್ತಿದ್ದರಂತೆ. ಈ ಅಂಟು ಕಾಯಿಸುವುದನ್ನು ಅಲ್ಲಿಯೇ ಕಲಿತಿದ್ದರು.

ಒಂದನೇ ತರಗತಿ ಅವರದು. ಕುರಿ ಕಾಯುವವರ, ಹೊಲದವರ ಮಕ್ಕಳು. ಒಂದು ಕಡೆ ಕುಳಿತು ಗೊತ್ತಿಲ್ಲದವು. ಸೇರಿದ ಹೊಸದರಲ್ಲಿ ನಾನು ಅವನ್ನು ಗದರಿಸಿ ಕೂರಿಸುವುದನ್ನು ನೋಡಿ, "ಯಾಕ ಒದರತಿ ತಂಗಿ? ಇವು ಕುಂತ ಕಲಿಯೂ ಮಕ್ಕಳಲ್ಲ. ಕುಣಕೋತ ಕಲೀತಾವ" ಎಂದಿದ್ದರು.

ಅವರ ಕಾಗುಣಿತ ಹಾಗೇ ಇತ್ತು. ತಲೆಯ ಮೇಲೆ ಅಂಗೈ ಇಟ್ಟರೆ ತಲಕಟ್ಟು. ಆ ಕೈಯನ್ನು ಪಕ್ಕಕ್ಕೆ ಜಾರಿಸಿದರೆ ಇಳಿ. ಎರಡೂ ತೋಳನ್ನು ತಲೆಯ ಮೇಲೆ ದುಂಡಗೆ ಕೂಡಿಸಿದರೆ ಗುಡಿಸು, ಸೊಂಟದ ಹತ್ತಿರ ಒಂದು ಕೈ ಸುರುಳಿ ಸುತ್ತಿದರೆ ಕೊಂಬು. ದೀರ್ಘ ಬಂದರೆ ಬಲಗಾಲನ್ನು ಉದ್ದಕ್ಕೆ ಎಳೆಯಬೇಕು. ಅದಕ್ಕೊಂದು ಹಾಡು ಕಟ್ಟಿದ್ದರು. ಹಾಡಿನ ಹೆಜ್ಜೆ ಮಕ್ಕಳ ಮನೆಯ ಡೊಳ್ಳಿನದೇ. ಭೂಗೋಳವೂ ನೆಲದ ಮೇಲೆಯೇ. ಸುಣ್ಣದಲ್ಲಿ ಘಟಪ್ರಭೆ ಬರೆಯುವರು, ಮಕ್ಕಳೇ ನೀರು. ಧುಪದಾಳದ ಒಡ್ಡಿನಲ್ಲಿ ಎಲ್ಲ ತಡೆದು ನಿಲ್ಲಬೇಕು, ಗೋಕಾಕ ಫಾಲ್ಸ್ ಬಂದಾಗ ಜಿಗಿಯಬೇಕು...

ಮೊದಲು ಅವರ ದನಿ ಒಡೆಯಿತು. "ಖಡೂನ ಧೂಳ, ಮತ್ತೇನಿಲ್ಲ" ಎಂದು ಸೀಮೆಸುಣ್ಣದ ಮೇಲೆ ಹಾಕಿದರು. ಬಿಸಿನೀರು ಕುಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಗಾವಿಯ ಡಾಕ್ಟರು ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಅದನ್ನು ಅವರು ನನಗೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿದರು, ಬಸ್ಸು ತಡವಾಗಿದೆ ಎಂದು ಹೇಳಿದ ಹಾಗೆ. ನಾನು ಏನು ಹೇಳಿದೆನೋ ನೆನಪಿಲ್ಲ.

ಆಪರೇಷನ್ನಿಗೆ ಮುಂಚೆ ಒಂದು ವಾರ, ದಿನಾ ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡು ಹಾಡುಗಳನ್ನು ಕಲಿಸಿದರು. ನನಗೆ ನಾಲ್ಕು ಜನರೆದುರು ಹಾಡಿ ಗೊತ್ತಿರಲಿಲ್ಲ. "ಮೊಬೈಲಿನ್ಯಾಗ ರೆಕಾರ್ಡ್ ಮಾಡ್ಕೊಳ್ಳೇನ್ರಿ?" ಎಂದು ಕೇಳಿದೆ.

"ಬ್ಯಾಡ. ಮೊಬೈಲ್ ಹಾಡಿದ್ರ ಹುಡುಗೂರು ಮೊಬೈಲ್ ನೋಡ್ತಾವ. ನೀ ಹಾಡವಾ, ನಾ ಕುಣಸ್ತೇನಿ."

ಸಂಕ್ರಾಂತಿ ದಾಟಿದ ಮೇಲೆ ಅವರು ಮರಳಿ ಬಂದರು. ಕೊರಳಲ್ಲಿ ಉಸಿರಾಟಕ್ಕೊಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಉಸಿರಾಡುವಾಗ ಬಟ್ಟೆ ಮೆಲ್ಲಗೆ ಅಲುಗುತ್ತಿತ್ತು. ಹೆಡ್‌ಮಾಸ್ತರರು ಒಳ್ಳೆಯವರೇ. ಆದರೂ, "ನೀವಿನ್ನ ಆಫೀಸಿನ ಕೆಲಸ ನೋಡ್ಕೊಳ್ರಿ ಅಕ್ಕೋರ, ದಣಿವಾಗೂದಿಲ್ಲ" ಎಂದರು. ಊರಿನಿಂದ ಕೆಲವರು ಬಂದಿದ್ದರು. ಅವರಲ್ಲಿ ಒಬ್ಬ ಅಜ್ಜಿ, ಮೊಮ್ಮಗಳ ಕೈ ಹಿಡಿದುಕೊಂಡು, ದೊಡ್ಡಕ್ಕೋರ ಎದುರಿಗೇ ಕೇಳಿದಳು: "ಮಾತ ಬರಲಾರದವ್ರು ಒಂದನೇತ್ತಾಗ ಹ್ಯಾಂಗ ಕಲಸ್ತಾರ್ರಿ, ಸರ? ನಮ್ಮ ಹುಡುಗಿ ಮೊದಲ ಅಂಜುಬುರಕಿ. ಕೊಳ್ಳಾಗಿನ ತೂತ ನೋಡಿದ್ರ ಸಾಲಿಗೆ ಬರಂಗಿಲ್ಲ."

ದೊಡ್ಡಕ್ಕೋರು ಬೋರ್ಡಿನ ಮೇಲೆ ಬರೆದರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ: "ಒಂದ ತಾಸು ಕೂಡ್ರಿ, ನೋಡ್ರಿ ಅಂತಾರ." ಅವರ ಪರವಾಗಿ ನಾನು ಆಡಿದ ಮೊದಲ ಮಾತು ಅದು.

ಅಜ್ಜಿ ಗೋಡೆಗೆ ಒರಗಿ ಕುಳಿತಳು. ದೊಡ್ಡಕ್ಕೋರು ಮಕ್ಕಳ ಮುಂದೆ ನಿಂತು ತಲೆಯ ಮೇಲೆ ಅಂಗೈ ಇಟ್ಟರು. ಯಾರೂ ಮಿಸುಕಲಿಲ್ಲ. ಎಲ್ಲರ ಕಣ್ಣೂ ಆ ಬಟ್ಟೆಯ ಮೇಲಿತ್ತು. ಅವರು ಕೈ ತೆಗೆಯಲಿಲ್ಲ, ಹಾಗೇ ನಿಂತರು... ಕೊನೆಗೆ ಹಿಂದಿನಿಂದ ಯಾರೋ ಸಣ್ಣಗೆ "ಕ" ಎಂದರು. ಕೈ ಪಕ್ಕಕ್ಕೆ ಜಾರಿತು. "ಕಾ." ಈ ಸಲ ನಾಲ್ಕಾರು ದನಿ. ತೋಳು ದುಂಡಗೆ ಕೂಡಿದವು. "ಕಿ!" ಇಡೀ ತರಗತಿ ಎದ್ದು ನಿಂತಿತ್ತು. ಅವರು ಅಂಗೈಯಿಂದ ಮೇಜಿನ ಮೇಲೆ ಡೊಳ್ಳಿನ ತಾಳ ಬಡಿದು ನನ್ನ ಕಡೆ ನೋಡಿದರು. ನಾನು ಹಾಡಿದೆ. ದನಿ ನಡುಗಿತು, ಶ್ರುತಿ ತಪ್ಪಿತು. ಮಕ್ಕಳಿಗೆ ಅದರ ಚಿಂತೆ ಇರಲಿಲ್ಲ; ದೀರ್ಘಕ್ಕೆ ಕಾಲೆಳೆದು ಒಬ್ಬರ ಮೇಲೊಬ್ಬರು ಬಿದ್ದವು. ಮೊಮ್ಮಗಳು ಅಜ್ಜಿಯ ಕೈ ಬಿಡಿಸಿಕೊಂಡು ಮಕ್ಕಳ ಸಾಲಿಗೆ ಹೋಗಿ ನಿಂತಿದ್ದಳು.

ಹೋಗುವಾಗ ಅಜ್ಜಿ ಹತ್ತಿರ ಬಂದು ಅವರ ಕೊರಳ ಬಟ್ಟೆಯ ಅಂಚು ಮುಟ್ಟಿದಳು. "ನೋಯ್ತೈತೇನವ್ವಾ?"

ದೊಡ್ಡಕ್ಕೋರು ಇಲ್ಲ ಎಂದು ತಲೆಯಾಡಿಸಿದರು. ಅದು ಖರೆಯೋ ಸುಳ್ಳೋ ನನಗೆ ಗೊತ್ತಿಲ್ಲ. ನಾನು ಯಾವತ್ತೂ ಕೇಳಲಿಲ್ಲ.

ನನ್ನ ಎರಡನೇ, ಮೂರನೇ ತರಗತಿಯನ್ನೂ ಅವರದನ್ನೂ ಕೂಡಿಸಿದೆವು. ಅವರು ಬರೆದರು, ಕುಣಿಸಿದರು; ನಾನು ಹಾಡಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು. ಆಮೇಲೆ ಗಡ್ಡೆ ಮತ್ತೆ ಬಂತು. ದಸರೆ ರಜೆಯಲ್ಲಿ, ಅಕ್ಕಿ ಆರಿಸುತ್ತಿದ್ದಾಗ, ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ನೋಡಿದೆ. ಉಳಿದ ಅಕ್ಕಿಯನ್ನು ಆರಿಸಿ ಮುಗಿಸಿ ಗೋಕಾಕಕ್ಕೆ ಹೋದೆ. ಅವರ ಮನೆಯ ಮುಂದೆ ಹೆಂಗಸರು ಅಳುತ್ತಿದ್ದರು. ನಾನು ನಿಂತಿದ್ದೆ. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮನೆಗೆ ಬಂದು ಊಟ ಮಾಡಿದೆ, ನಿದ್ದೆಯೂ ಬಂತು.

ರಜೆ ಮುಗಿದ ಮೇಲೆ ಮಕ್ಕಳಿಗೆ ಹೇಳಿದೆ. ಆ ಅಂಜುಬುರುಕಿ ಹುಡುಗಿ ಎದ್ದು ಕೇಳಿದಳು: "ಸಣ್ಣಕ್ಕೋರ, ಇವತ್ತ ಕಾಗುಣಿತ ಐತೇನ್ರಿ?"

"ಐತಿ" ಎಂದೆ.

ಹುಕ್ಕೇರಿ ತಾಲೂಕಿಗೆ ವರ್ಗವಾಗಿ ಬಂದು ಈಗ ಕೆಲವು ವರ್ಷಗಳಾದವು. ಇಲ್ಲಿಯ ಮಕ್ಕಳೂ ತಲೆಯ ಮೇಲೆ ಕೈ ಇಡುತ್ತಾರೆ, ಕಾಲೆಳೆಯುತ್ತಾರೆ. ತರಬೇತಿಗೆ ಹೋದರೆ ಮಾಡಿ ತೋರಿಸಿರಿ ಎನ್ನುತ್ತಾರೆ, ತೋರಿಸುತ್ತೇನೆ. ಚಪ್ಪಾಳೆ ಬೀಳುತ್ತದೆ. ಅವರ ಕೈ ಹೇಗೆ ಜಾರುತ್ತಿತ್ತು, ಪಾದ ಯಾವ ಕಡೆ ತಿರುಗುತ್ತಿತ್ತು, ಎಲ್ಲ ನೆನಪಿದೆ. ಅವರ ದನಿ ಮಾತ್ರ ನೆನಪಿಗೆ ಬರುವುದಿಲ್ಲ. ಆ ವಾರವೆಲ್ಲ ನನ್ನ ಎದುರಿಗೇ ಕುಳಿತು ಹಾಡಿದ್ದರು... ಕಣ್ಣು ಮುಚ್ಚಿದರೆ ಅವರು ಬಾಯಿ ತೆರೆಯುವುದು ಕಾಣುತ್ತದೆ. ಕೇಳಿಸುವುದು ನನ್ನ ದನಿ.